ಅಪ್ಪನ ಕಣ್ಣಿಗೆ ಅಂತ ಅಕ್ಷರದ ಬೋರ್ಡು ಮಾಡಿದ ಕಥೆ

ನಮ್ಮಪ್ಪನಿಗೆ ಮೋಟಾರ್ ನ್ಯೂರಾನ್ ಕಾಯಿಲೆ, ಅಂದ್ರೆ ಸ್ನಾಯುಗಳನ್ನ ಆಡಿಸೋ ನರಗಳು ಒಂದೊಂದಾಗಿ ಸಾಯೋ ಕಾಯಿಲೆ. ಮೊದಲು ಕೈ ಸೋತ್ವು, ಆಮೇಲೆ ಮಾತು ತೊದಲಿ ತೊದಲಿ ಒಂದಿನ ಪೂರ್ತಿ ನಿಂತೋಯ್ತು. ಈ ಕಾಯಿಲೆಲಿ ಸಾಮಾನ್ಯವಾಗಿ ಕಣ್ಣು ಆಡೋದು ಬಹಳ ದಿನ ಉಳ್ಕೊಳುತ್ತೆ, ತಲೇನೂ ಹೆಚ್ಚಿನವರಿಗೆ ಸರಿಯಾಗೇ ಇರುತ್ತೆ, ಹಿಂಸೆ ಇರೋದೇ ಅಲ್ಲಿ.

ಕಣ್ಣು ಎತ್ತ ನೋಡುತ್ತೋ ಕಂಪ್ಯೂಟರ್ ಕರ್ಸರನ್ನ ಅತ್ತ ಓಡಿಸೋ ಐ ಟ್ರ್ಯಾಕರ್ ಒಂದನ್ನ ಎರವಲು ತಂದು ನೋಡಿದ್ವಿ. ಕನ್ನಡಕದ ಮೇಲೆ ಕಿಟಕಿ ಬೆಳಕು ಬಿದ್ರೆ ಕರ್ಸರು ಎಲ್ಲೆಲ್ಲೋ ಹಾರೋದು, ಸ್ವಲ್ಪ ಮಗ್ಗುಲಾಗಿ ಮಲಗಿಸಿದ್ರೆ ಕಣ್ಣಿಗೆ ಹೊಂದಿಸೋ ಕ್ಯಾಲಿಬ್ರೇಷನ್ ಮತ್ತೆ ಮೊದಲಿಂದ, ಕರೆಂಟ್ ಕಥೆ ಬೇರೆ. ಇದೇ ಕಾಯಿಲೆ ಇದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೂಡ 1985ರಲ್ಲಿ ಗಂಟಲಿಗೆ ಆಪರೇಷನ್ ಆಗಿ ಮಾತು ಹೋದಾಗ ಮೊದಲು ಯಾರಾದ್ರೂ ಕಾರ್ಡ್ ಮೇಲೆ ಸರಿಯಾದ ಅಕ್ಷರ ತೋರಿಸ್ದಾಗ ಹುಬ್ಬು ಏರಿಸಿನೇ ಮಾತಾಡಿದ್ದಂತೆ, ಕಂಪ್ಯೂಟರ್ ಬಂದಿದ್ದು ಆಮೇಲೆ. ಸರಿ ನಾವೂ ಅಲ್ಲಿಂದಲೇ ಶುರು ಮಾಡೋಣ ಅಂದ್ಕೊಂಡೆ.

ಗ್ಲಾಸ್ ಅಂಗಡಿಲಿ ಗಾಜಿನಂಗೆ ಆಚೆ ಕಾಣೋ ಒಂದು ಅಕ್ರಿಲಿಕ್ ಶೀಟ್ ಕತ್ತರಿಸಿ, ಮಧ್ಯ ಮುಖ ಕಾಣೋ ಅಷ್ಟು ತೂತು ಮಾಡಿಸ್ದೆ. ಸುತ್ತ ಎಂಟು ಮನೆ: ಮೇಲೆ ಮೂರು, ಪಕ್ಕಕ್ಕೊಂದೊಂದು, ಕೆಳಗೆ ಮೂರು. ನಮ್ಮ ಅಕ್ಷರಮಾಲೆ ಇದಕ್ಕೇ ಹೇಳಿ ಮಾಡಿಸಿದಂಗಿದೆ ನೋಡಿ, ಸ್ವರ ಒಂದು ಮನೆ, ಕ ಚ ಟ ತ ಪ ವರ್ಗ ಐದು, ಯರಲವ ಒಂದು, ಶಷಸಹಳ ಒಂದು, ಲೆಕ್ಕ ಸರಿಯಾಗಿ ಎಂಟು! ಸ್ವರದಲ್ಲಿ ದೀರ್ಘ ಬಿಟ್ಟು ಅ ಇ ಉ ಎ ಒ ಅಷ್ಟೇ ಅಂಟಿಸಿದೆ. ಬೋರ್ಡನ್ನ ನಮ್ಮಿಬ್ಬರ ಮುಖದ ಮಧ್ಯ ಹಿಡೀತೀನಿ, ಮ ಬೇಕಂದ್ರೆ ಅಪ್ಪ ಮೊದಲು ಪ ವರ್ಗದ ಮನೆ ನೋಡ್ತಾರೆ, ವಾಪಸ್ ನನ್ನ ಮುಖ, ಮ ಐದನೇ ಅಕ್ಷರ ಅಲ್ವಾ, ಆಮೇಲೆ ಐದನೇ ಮನೆ ನೋಡ್ತಾರೆ. ಎದುರು ಕೂತೋರಿಗೆ ಅಕ್ಷರ ಉಲ್ಟಾ ಕಾಣುತ್ತೆ, ಅದಕ್ಕೆ ಎರಡೂ ಕಡೆ ಅಂಟಿಸಬೇಕು, ನಾನು ಮೊದಲ ಸಲ ಮರೆತಿದ್ದೆ.

ಮಧ್ಯ ಒಂದು ಅತಿಬುದ್ಧಿ ಮಾಡಿದೆ. ಕೆಲವು ಇಂಗ್ಲಿಷ್ ಬೋರ್ಡಲ್ಲಿ ಜಾಸ್ತಿ ಬರೋ ಅಕ್ಷರ ಮುಂದಿಡ್ತಾರಲ್ಲ ಅಂತ ನಾನೂ ರ, ನ, ದ, ಗ ಎಲ್ಲ ಒಟ್ಟಿಗೆ ತಂದಿಟ್ಟೆ. ನಾಲ್ಕನೇ ಕ್ಲಾಸ್ ಓದಿರೋ ಅಮ್ಮ ಎರಡು ದಿನ ನೋಡಿ "ಇದೇನೋ ಕಲಸುಮೇಲೋಗರ ಆಗಿದೆ, ಮೊದಲಿನಂಗೆ ಮಾಡು" ಅಂದ್ಲು. ಅವಳು ಹೇಳಿದ್ದೇ ಸರಿ, ಕಾಗುಣಿತ ಕಲಿತ ಯಾರಿಗಾದ್ರೂ ವರ್ಗದ ಸಾಲು ನಿದ್ದೆಲೂ ಬರುತ್ತೆ.

ಬರೀ ವ್ಯಂಜನ ಸಾಕು ಮಿಕ್ಕಿದ್ದು ಊಹೆ ಮಾಡ್ತೀನಿ ಅನ್ನೋದು ನನ್ನ ಇನ್ನೊಂದು ಜಂಬ. ಒಂದಿನ ಬೆಳಗ್ಗೆ ಕ, ಲ ಅಂದ್ರು. ಕಾಲು ನೋಯ್ತಿದೆ ಅಂದ್ಕೊಂಡು ತಿಕ್ಕಿದೆ, ದಿಂಬಿಟ್ಟೆ, ತಿರುಗಿಸಿದೆ, ಅರ್ಧ ಗಂಟೆ ಆಯ್ತು, ಅಪ್ಪನ ಕಣ್ಣಲ್ಲಿ ನೀರು. ಕೊನೆಗೆ ಅಮ್ಮ ಬಂದು ಕ ಆದ್ಮೇಲೆ ಯಾವ ಸ್ವರ ಅಂತ ಕೇಳಿದ್ಲು, ಉ ನೋಡಿದ್ರು, ಲ ಆದ್ಮೇಲೆ ಇ. ಕೂಲಿ! ತೆಂಗಿನಕಾಯಿ ಕೆಡವಿದವನಿಗೆ ಎರಡು ವಾರದ ದುಡ್ಡು ಬಾಕಿ ಇತ್ತು, ನಾನು ಮರೆತೇಬಿಟ್ಟಿದ್ದೆ.

ಫೋನಲ್ಲಿ ಟೈಪ್ ಮಾಡಿ ಕನ್ನಡದಲ್ಲಿ ಓದಿಸಿದೆ, ಫೋನಿನ ಆ ಹುಡುಗಿ ದನಿ ಅಪ್ಪನಿಗೆ ಹಿಡಿಸಲಿಲ್ಲ, ಅಮ್ಮನೇ ಓದಬೇಕಂತೆ. ರಾತ್ರಿ ಬೋರ್ಡೂ ಬೇಡ, ಟಾರ್ಚ್ ಹಿಡ್ಕೊಂಡು ಅಮ್ಮ "ಅ ಸಾಲಾ, ಕ ಸಾಲಾ, ಚ ಸಾಲಾ" ಅಂತ ಒಂದೊಂದೇ ಕೇಳ್ತಾಳೆ, ರೆಪ್ಪೆ ಮುಚ್ಚಿದ್ರೆ ಆ ಸಾಲಲ್ಲಿ ನಿಂತು ಅಕ್ಷರ ಎಣಿಸ್ತಾಳೆ. ನೆನ್ನೆ ರಾತ್ರಿ ಹತ್ತು ನಿಮಿಷ ಹಿಡಿದು ಬಂದಿದ್ದು: ಫ್ಯಾನ್ ನಿಲ್ಸು.