ಮಾತನಾಡುವ ರೆಸ್ಕ್ಯೂ ಪೆನ್‌ಡ್ರೈವ್: ಕಂಪ್ಯೂಟರ್ ಕೈಕೊಡುವ ಮೊದಲೇ ಮಾಡಿಟ್ಟುಕೊಳ್ಳಿ

ವಿಂಡೋಸ್ ಮಲಗಿದರೆ, ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಕೂಡ ಅದರ ಜತೆಗೇ ಮಲಗುತ್ತದೆ. ಆಗ ಫೈಲುಗಳನ್ನು ಹೊರತೆಗೆಯಲು ತನ್ನದೇ ದನಿ ಇರುವ ಪೆನ್‌ಡ್ರೈವ್ ಬೇಕು. ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಆರ್ಚ್ ಲಿನಕ್ಸ್‌ನ ಐಎಸ್‌ಒ (ಪೆನ್‌ಡ್ರೈವ್‌ಗೆ ಬರೆಯುವ ಡಿಸ್ಕ್ ಫೈಲ್) ಇದಕ್ಕೆ ಚೆನ್ನಾಗಿ ಒದಗುತ್ತದೆ. ಪರದೆ ಓದುವ ಈಸ್ಪೀಕಪ್, ಬ್ರೈಲ್ ಡಿಸ್‌ಪ್ಲೇಗೆ ಬಿಆರ್‌ಎಲ್‌ಟಿಟಿವೈ, ಕಳೆದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್, ಕೆಟ್ಟ ಡಿಸ್ಕ್ ನಕಲಿಸುವ ಡಿಡಿರೆಸ್ಕ್ಯೂ ಎಲ್ಲ ಅದರೊಳಗೇ ಇವೆ. ದನಿ ಮಾತ್ರ ಇಂಗ್ಲಿಷಿನದು.

4 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಐಎಸ್‌ಒವನ್ನು ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ಎಂಬ ವಿಂಡೋಸ್ ತಂತ್ರಾಂಶದಲ್ಲಿ ಐಎಸ್‌ಒ ಆರಿಸಿ, ಸ್ಟಾರ್ಟ್ ಒತ್ತಿ, ಮೋಡ್ ಕೇಳಿದಾಗ ಡಿಡಿ ಇಮೇಜ್ ಆರಿಸಿ. ಬರೆದಾದ ಮೇಲೆ ವಿಂಡೋಸ್ "ಫಾರ್ಮ್ಯಾಟ್ ಮಾಡಬೇಕೆ?" ಎಂದರೆ ಬೇಡ ಎನ್ನಿ.

ನಿಜವಾದ ತೊಡಕು ಬಯೋಸ್‌ನಲ್ಲಿದೆ (ಕಂಪ್ಯೂಟರ್ ಆನ್ ಆದೊಡನೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ಸ್), ಅಲ್ಲಿ ದನಿಯೇ ಇಲ್ಲ. ಆರ್ಚ್ ಐಎಸ್‌ಒಗೆ ಸೆಕ್ಯೂರ್ ಬೂಟ್ ಸಹಿ ಇಲ್ಲದ್ದರಿಂದ ಸೆಕ್ಯೂರ್ ಬೂಟ್ (ಸಹಿ ಇರುವ ಸಿಸ್ಟಮ್ ಮಾತ್ರ ಶುರುವಾಗಲು ಬಿಡುವ ಕಾವಲು) ಆಫ್ ಆಗಿರಬೇಕು. ಕಂಪ್ಯೂಟರ್ ಚೆನ್ನಾಗಿರುವಾಗಲೇ, ಕಣ್ಣು ಕಾಣುವವರೊಬ್ಬರನ್ನು ಕೂರಿಸಿಕೊಂಡು ಅದನ್ನು ಆಫ್ ಮಾಡಿಸಿ, ಬೂಟ್ ಸರದಿಯಲ್ಲಿ ಯುಎಸ್‌ಬಿಯನ್ನು ಮೊದಲಿಗೆ ಇಡಿಸಿ. ಮುಂದೆ ಡ್ರೈವ್ ಚುಚ್ಚಿ ಆನ್ ಮಾಡಿದರೆ ಸಾಕು, ಬೂಟ್ ಆಯ್ಕೆ ತೆರೆಯುವ ಎಫ್12 ಕೀ ಹುಡುಕುವ ಕೆಲಸವಿರದು. ಹುಷಾರು: ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಈ ಬದಲಾವಣೆಯಾದ ಕೂಡಲೇ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬೇರೆಡೆ ಬರೆದಿಟ್ಟುಕೊಳ್ಳಿ.

ಪೆನ್‌ಡ್ರೈವ್‌ನ ಬೂಟ್ ಮೆನು 15 ಸೆಕೆಂಡ್ ಕಾಯುತ್ತದೆ. ದನಿಯಿರುವ ಆಯ್ಕೆ ಎರಡನೆಯದು: ಕೆಳಬಾಣ ಒಮ್ಮೆ, ಆಮೇಲೆ ಎಂಟರ್. ಒಂದಕ್ಕಿಂತ ಹೆಚ್ಚು ಸೌಂಡ್ ಕಾರ್ಡ್ ಇದ್ದರೆ ಪ್ರತಿಯೊಂದರಲ್ಲೂ ಸರದಿಯಂತೆ ಬೀಪ್ ಬರುತ್ತದೆ, ನಿಮಗೆ ಕೇಳಿಸಿದಾಗ ಎಂಟರ್ ಒತ್ತಿ. ಏನೂ ಕೇಳದಿದ್ದರೆ ಸಾಮಾನ್ಯವಾಗಿ ದೋಷ ಲ್ಯಾಪ್‌ಟಾಪ್‌ನ ಸೌಂಡ್ ಚಿಪ್‌ನದು. ಯುಎಸ್‌ಬಿ ಹೆಡ್‌ಸೆಟ್ ಹಾಕಿ ಮತ್ತೆ ಬೂಟ್ ಮಾಡಿ. ನಂಬರ್ ಪ್ಯಾಡ್‌ನ 8 ಈಗಿನ ಸಾಲನ್ನು ಓದುತ್ತದೆ, 7 ಹಿಂದಿನದನ್ನು, 9 ಮುಂದಿನದನ್ನು.

ಎಲ್-ಎಸ್-ಬಿ-ಎಲ್-ಕೆ ಎಂದು ಟೈಪಿಸಿ ಎಂಟರ್ ಒತ್ತಿದರೆ ಡಿಸ್ಕ್‌ಗಳ ಹೆಸರು, ಗಾತ್ರ ಕೇಳಿಸುತ್ತವೆ. ಹೆಸರು ನಂಬಬೇಡಿ, ಗಾತ್ರ ನೋಡಿ ಗುರುತಿಸಿ. ಎಸ್‌ಡಿಎ ಎನ್ನುವುದು ಪೆನ್‌ಡ್ರೈವೇ ಆಗಿರಬಹುದು. ವಿಂಡೋಸ್ ಭಾಗವನ್ನು ರೀಡ್-ಓನ್ಲಿಯಾಗಿ (ಓದಲಷ್ಟೇ ಬರುವಂತೆ) ಮೌಂಟ್ ಮಾಡಿ, ಅಂದರೆ ತೆರೆದುಕೊಂಡು, ಬೇಕಾದ್ದನ್ನು ಇನ್ನೊಂದು ಯುಎಸ್‌ಬಿ ಡಿಸ್ಕ್‌ಗೆ ನಕಲಿಸಿ. ಬೇಗ ಆನ್ ಆಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಇದ್ದ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ಅದರ ಮೇಲೆ ಬರೆಯಹೋದರೆ ಫೈಲ್ ಸಿಸ್ಟಮ್ ಕೆಡಬಹುದು.

ಡಿಸ್ಕ್ ಟಕಟಕ ಎನ್ನುತ್ತಿದ್ದರೆ ಫೋಲ್ಡರುಗಳನ್ನು ತಡಕಾಡಬೇಡಿ. ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕ್‌ನ ಇಮೇಜ್ (ಒಂದೇ ಫೈಲಿನಲ್ಲಿ ಪೂರ್ತಿ ನಕಲು) ಮೊದಲು ತೆಗೆಯಿರಿ. ಆಜ್ಞೆಯಲ್ಲಿ ಬರೆಯುವ ಕ್ರಮ ಹೀಗೆ: ಮೂಲ ಡಿಸ್ಕ್, ಇಮೇಜ್ ಫೈಲ್, ಮ್ಯಾಪ್ ಫೈಲ್. ಮ್ಯಾಪ್ ಫೈಲ್ ಇದ್ದರೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಇಮೇಜ್ ಇಡುವ ಡಿಸ್ಕ್‌ನ ಫಾರ್ಮ್ಯಾಟ್ ಫ್ಯಾಟ್32 ಆಗಿರಬಾರದು, ಅದು 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ.