ಕಾರ್ಡಿನಲ್ಲಿ ಕ್ರೀಮ್, ಗೋಡೆ ಮೇಲೆ ಗುಲಾಬಿ: ಸರಿಹೋಗಿದ್ದು ಹೀಗೆ

ನಮ್ಮ ಹಾಲ್‌ಗೆ ರೆಡ್ ಆಕ್ಸೈಡ್ ನೆಲ. ಶೇಡ್ ಕಾರ್ಡ್ ನೋಡಿ ಕ್ರೀಮ್ ಹೊಡೆಸಿದೆವು. ಹಗಲು ಗೋಡೆಯ ಕೆಳಭಾಗ ಗುಲಾಬಿ, ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ಮಂಕು.

ಇನ್ನೊಂದು ಕೋಟ್ ಹೊಡೆಸಿದೆ, ಆಗಲಿಲ್ಲ. ಒಂದು ಶೇಡ್ ತಿಳಿ ಮಾಡಿಸಿದೆ, ಗುಲಾಬಿ ಇನ್ನೂ ಜಾಸ್ತಿ ಆಯಿತು. ಹಳೇ ಬಣ್ಣದ ಮೇಲೆಯೇ ಸ್ಯಾಂಪಲ್ ಪಟ್ಟಿ ಎಳೆದು ನೋಡಿದ್ದೂ ದಂಡ. ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಗೋಡೆಗೆ ಬಣ್ಣ ಹಚ್ಚಿದಂತೆ ತೋರಿಸುವ ಮೊಬೈಲ್ ಆ್ಯಪ್‌ ಅಂತೂ ನಂಬಲೇಬೇಡಿ.

ಒಂದು ಮಧ್ಯಾಹ್ನ ಕಿಟಕಿ ಮುಂದೆ ನೆಲಕ್ಕೆ ಬಿಳಿ ಪಂಚೆ ಹಾಸಿದೆ. ಗೋಡೆಯ ಗುಲಾಬಿ ತಕ್ಷಣ ಹೋಯಿತು! ತಪ್ಪು ಬಣ್ಣದ್ದಲ್ಲ. ಬಿಸಿಲು ಕೆಂಪು ನೆಲಕ್ಕೆ ಬಿದ್ದು ಗೋಡೆಗೆ ಹೊಡೆಯುತ್ತಿತ್ತು.

ಆಮೇಲೆ ಮಾಡಿದ ಕ್ರಮ ಇದು. ಮೊದಲು ಬಲ್ಬ್: 6500 ಕೆಲ್ವಿನ್ ತೆಗೆದು 4000 ಕೆಲ್ವಿನ್ ಹಾಕಿದೆ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ; ಸಂಖ್ಯೆ ಹೆಚ್ಚಿದ್ದರೆ ನೀಲಿ ಛಾಯೆ, ಇಳಿದಷ್ಟೂ ಹಳದಿ). ಬಣ್ಣ ಆರಿಸಿದ ಮೇಲೆ ಬಲ್ಬ್ ಬದಲಿಸಿದರೆ ಕೆಲಸ ಮೊದಲಿಂದ ಶುರು. ನಂತರ ಎರಡಡಿ ಚೌಕದ ಪ್ಲೈವುಡ್ ತುಂಡುಗಳಿಗೆ ಬಿಳಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಬಣ್ಣ. ಸುತ್ತ ಎರಡಿಂಚು ಬಿಳಿ ಅಂಚು ಬಿಟ್ಟೆ. ಒಂದು ರಾತ್ರಿ ಒಣಗಿಸಿದೆ. ಹಸಿ ಬಣ್ಣ ನೋಡಿ ತೀರ್ಮಾನಿಸಬಾರದು. ಹಲಗೆಯನ್ನು ಗೋಡೆಗೆ ನಿಲ್ಲಿಸಿಯೇ ನೋಡಬೇಕು, ಮಲಗಿಸಿ ಅಲ್ಲ. ಕಿಟಕಿ ಎದುರಿನ ಗೋಡೆ, ಕಿಟಕಿ ಇರುವ ಗೋಡೆ, ಎರಡೂ ಕಡೆ. ನೆಲದ ಹತ್ತಿರ ಒಮ್ಮೆ, ಕಣ್ಣಿನ ಎತ್ತರಕ್ಕೆ ಒಮ್ಮೆ. ಬೆಳಗ್ಗೆ 8, ಮಧ್ಯಾಹ್ನ 1, ರಾತ್ರಿ 8.

ಗೆದ್ದದ್ದು ಚೂರೇ ಚೂರು ಹಸಿರು ಬೆರೆತ ಆಫ್ ವೈಟ್. ಆ ಹಸಿರು ನೆಲದ ಕೆಂಪನ್ನು ತಗ್ಗಿಸಿತು. ಫಿನಿಶ್ ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಡಬ್ಬಿಯಿಂದ ಡಬ್ಬಿಗೆ ಬಣ್ಣ ಚೂರು ವ್ಯತ್ಯಾಸ ಬರದಿರಲಿ ಎಂದು, ಹೊಡೆಯುವ ಮೊದಲು ಎಲ್ಲ ಡಬ್ಬಿಗಳ ಬಣ್ಣವನ್ನೂ ಒಂದೇ ಬಕೆಟ್‌ನಲ್ಲಿ ಕಲಸಿಸಿದೆ.