ವೆಬ್ ಪೇಜ್ ಮಾಡುವುದು ಕಲಿಯಬೇಕಾ? ವಿಡಿಯೊ ನಿಲ್ಲಿಸಿ, ಫೈಲ್ ತೆರೆಯಿರಿ

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಪುಕ್ಕಟೆ ಸಿಗುವುದನ್ನೇ ಸ್ವಲ್ಪ ದಿನ ಬಳಸಿ ನೋಡಿ. ವಿಡಿಯೊ ನೋಡುತ್ತಾ ಕೂತರೆ ಎಲ್ಲಾ ಅರ್ಥವಾದ ಹಾಗೆ ಅನಿಸುತ್ತದೆ, ಖಾಲಿ ಫೈಲ್ ಮುಂದೆ ಕೂತಾಗ ಮಾತ್ರ ಕೈಯೇ ಓಡುವುದಿಲ್ಲ. ಹಾಗಾಗಿ ಮೊದಲ ದಿನವೇ ಟೈಪ್ ಮಾಡಿ.

ಬೇಕಾಗಿರುವುದು ಒಂದು ಬ್ರೌಸರ್, ಒಂದು ಎಡಿಟರ್. ನೋಟ್‌ಪ್ಯಾಡ್ ಸಾಕು, ಆದರೆ ವಿಎಸ್ ಕೋಡ್ ಎಂಬ ಪುಕ್ಕಟೆ ಎಡಿಟರ್‌ನಲ್ಲಿ ಟ್ಯಾಗ್‌ಗಳು (ಪುಟದ ಭಾಗಗಳನ್ನು ಗುರುತಿಸುವ ಕೋಡ್ ಗುರುತುಗಳು) ಬಣ್ಣಬಣ್ಣವಾಗಿ ಕಾಣುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಮೊದಲು ಎಚ್‌ಟಿಎಂಎಲ್, ಅಂದರೆ ಪುಟದಲ್ಲಿ ಏನೇನಿರಬೇಕು ಎಂದು ಬರೆಯುವ ಭಾಷೆ. ಒಂದು ತಲೆಬರಹ, ಎರಡು ಪ್ಯಾರಾ, ಒಂದು ಚಿತ್ರ, ಒಂದು ಲಿಂಕ್ ಇರುವ ಪುಟ ಬರೆದು 'ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್' ಎಂದು ಸೇವ್ ಮಾಡಿ. ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ತೆರೆಯುತ್ತದೆ, ಇಂಟರ್ನೆಟ್ಟೂ ಬೇಡ. ಕನ್ನಡ ಅಕ್ಷರ ಚಿತ್ರವಿಚಿತ್ರವಾಗಿ ಕಂಡರೆ, ಫೈಲಿನ ಮೇಲ್ಭಾಗದ ಮೆಟಾ ಟ್ಯಾಗ್‌ನಲ್ಲಿ ಯುಟಿಎಫ್-8 (ಎಲ್ಲಾ ಭಾಷೆಯ ಅಕ್ಷರಗಳನ್ನೂ ಓದಿಸುವ ಸಂಕೇತ ಪದ್ಧತಿ) ಎಂದು ಬರೆದಿದ್ದೀರಾ ನೋಡಿ.

ಮುಂದಿನದು ಸಿಎಸ್‌ಎಸ್, ಅಂದರೆ ಪುಟ ಹೇಗೆ ಕಾಣಬೇಕು ಎಂದು ಹೇಳುವ ಭಾಷೆ. ಜಾಸ್ತಿ ಜನ ಸುಸ್ತಾಗುವುದು ಇಲ್ಲೇ. ಬಣ್ಣ, ಅಕ್ಷರದ ಗಾತ್ರ ಸುಲಭ, ತಲೆ ತಿನ್ನುವುದು ಅಳತೆ. ಒಂದು ಡಬ್ಬಕ್ಕೆ ಅಗಲ 300 ಪಿಕ್ಸೆಲ್ ಎಂದು ಕೊಟ್ಟಿರುತ್ತೀರಿ, ಒಳಗೆ ನಾಲ್ಕೂ ಕಡೆ 20 ಪ್ಯಾಡಿಂಗ್ (ಖಾಲಿ ಜಾಗ), ಸುತ್ತ 5ರ ಬಾರ್ಡರ್. ಪುಟದಲ್ಲಿ ಅದು 350 ಆಗಿ ಕೂತಿರುತ್ತದೆ, ಪಕ್ಕದ ಡಬ್ಬ ಕೆಳಗೆ ಜಾರಿರುತ್ತದೆ. ಯಾಕೆಂದರೆ ಪ್ಯಾಡಿಂಗ್, ಬಾರ್ಡರ್ ಎರಡೂ ಆ 300ರ ಹೊರಗೆ ಸೇರುತ್ತವೆ. ಸಿಎಸ್‌ಎಸ್‌ನ ಬಾಕ್ಸ್-ಸೈಜಿಂಗ್ ಎಂಬ ಗುಣಕ್ಕೆ ಬಾರ್ಡರ್-ಬಾಕ್ಸ್ ಎಂದು ಕೊಡಿ, 300ಕ್ಕೇ ನಿಲ್ಲುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಪೆಕ್ಟ್' ಒತ್ತಿ. ಯಾವ ಸೈಟ್ ಆದರೂ ಸರಿ, ಸಂಖ್ಯೆ ಬದಲಿಸಿ ಆಟ ಆಡಿ, ರಿಫ್ರೆಶ್ ಮಾಡಿದರೆ ಮೊದಲಿನಂತೆ ಆಗುತ್ತದೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಮೇಷ್ಟ್ರಿಲ್ಲ. ಡಬ್ಬಗಳನ್ನು ಸಾಲಾಗಿ ಜೋಡಿಸುವ ಸಿಎಸ್‌ಎಸ್ ವಿಧಾನವಾದ ಫ್ಲೆಕ್ಸ್‌ಬಾಕ್ಸ್ ಕಲಿಯಲು 'ಫ್ಲೆಕ್ಸ್‌ಬಾಕ್ಸ್ ಫ್ರಾಗಿ' ಎಂಬ ಕಪ್ಪೆ ಆಟ ಇದೆ, ಮಕ್ಕಳಾಟ ಅಂತ ಬಿಡಬೇಡಿ.

ಪಾಠ ಕ್ರಮವಾಗಿ ಬೇಕೆಂದರೆ ಫ್ರೀಕೋಡ್‌ಕ್ಯಾಂಪ್ ಎಂಬ ಪುಕ್ಕಟೆ ಸೈಟ್. ಅನುಮಾನ ಬಂದಾಗ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರ ಎಂಡಿಎನ್ ಎಂಬ ಕೈಪಿಡಿ ಸೈಟ್. ಡಬ್ಲ್ಯು3ಸ್ಕೂಲ್ಸ್ ಚುಟುಕು ಉದಾಹರಣೆಗೆ ಚೆನ್ನಾಗಿದೆ, ಆದರೆ ಹೆಸರು ನೋಡಿ ಅದು ವೆಬ್‌ನ ಮಾನದಂಡ ಮಾಡುವ ಡಬ್ಲ್ಯು3ಸಿಯದ್ದು ಅಂದುಕೊಳ್ಳಬೇಡಿ, ಎರಡಕ್ಕೂ ಸಂಬಂಧವಿಲ್ಲ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ.

ಒತ್ತಿದಾಗ ಪುಟ ಏನಾದರೂ ಮಾಡುವಂತೆ ಮಾಡುವ ಭಾಷೆ ಜಾವಾಸ್ಕ್ರಿಪ್ಟ್, ಅದಕ್ಕೆ ಅವಸರ ಬೇಡ. ಪುಟ ಮೊಬೈಲ್‌ನಲ್ಲೂ ನೆಟ್ಟಗೆ ಕಾಣುವ ಹಾಗಾದ ಮೇಲೆ ಒಂದು ಬಟನ್ ಇಟ್ಟು, ಒತ್ತಿದರೆ ಬಣ್ಣ ಬದಲಾಗುವಂತೆ ಮಾಡಿ ಶುರು ಮಾಡಿ.

ಕೊನೆಗೆ ಪುಟವನ್ನು ಎಲ್ಲರಿಗೂ ತೋರಿಸಲು, ಕೋಡ್ ಇಡುವ ಸೈಟ್ ಗಿಟ್‌ಹಬ್‌ನಲ್ಲಿ ಖಾತೆ ತೆರೆದು ಫೈಲ್‌ಗಳನ್ನು ಹಾಕಿ, ಸೆಟ್ಟಿಂಗ್ಸ್‌ನಲ್ಲಿ 'ಪೇಜಸ್' ಆನ್ ಮಾಡಿ. ಸ್ವಲ್ಪ ಹೊತ್ತಿಗೆ ಲಿಂಕ್ ಸಿಗುತ್ತದೆ. ಚಿತ್ರ ಕಾಣದಿದ್ದರೆ ಫೈಲಿನ ಹೆಸರು ನೋಡಿ: ವಿಂಡೋಸ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಹೇಗಿದ್ದರೂ ನಡೆಯುತ್ತದೆ, ಗಿಟ್‌ಹಬ್‌ನಲ್ಲಿ ನಡೆಯುವುದಿಲ್ಲ.